ಕೊಟ್ಟೂರಿನ ಅಂಗಳದಲ್ಲಿ ಗೋಸಂಪಿಗೆ

ಕೊಟ್ಟೂರಿಗೆ ಬಂದು ಮೂರನೆಯ ದಿನ. ಇನ್ನೂ ಬಿಚ್ಚದ ಪೆಟ್ಟಿಗೆಗಳ ನಡುವೆ ಕೂತು, ಹಳೆಯ ಪೇಪರಿನಲ್ಲಿ ಸುತ್ತಿ ತಂದಿದ್ದ ಮೂರು ಕೊಂಬೆಗಳನ್ನು ಹೊರತೆಗೆಯುತ್ತಿದ್ದೆ. ಮನೆಯ ಯಜಮಾನಿ ಹುಲಿಗೆಮ್ಮನವರು ಬಾಗಿಲಲ್ಲಿ ನಿಂತು ಅವನ್ನೇ ನೋಡಿದರು. ಆಮೇಲೆ ದನಿ ತಗ್ಗಿಸಿ ಕೇಳಿದರು.

“ಯಾರು ಸತ್ತಾರ್ರಿ ನಿಮ್ಮ ಮನ್ಯಾಗ?”

“ಯಾರೂ ಸತ್ತಿಲ್ಲ ಅಮ್ಮಾ. ನೆಡುವುದಕ್ಕೆ ತಂದದ್ದು.”

“ಮನಿ ಮುಂದ ಹಚ್ಚಾಕ? ಇದು ಮಣ್ಣು ಮಾಡೋ ಜಾಗದಾಗಿನ ಗಿಡ ಅಲ್ಲೇನ್ರಿ?”

ಮಣ್ಣು ಮಾಡುವ ಜಾಗವೆಂದರೆ ಗೊಬ್ಬರದ ಗುಂಡಿ ಇರಬೇಕೆಂದುಕೊಂಡು, “ಹೌದು, ಅಲ್ಲಿಯೂ ಚೆನ್ನಾಗಿ ಬರುತ್ತದೆ” ಎಂದೆ. ಅವರು ನನ್ನನ್ನು ಹೇಗೆ ನೋಡಿದರೆಂಬುದು ಈಗಲೂ ಕಣ್ಣ ಮುಂದಿದೆ. ಇಲ್ಲಿ ಮಣ್ಣು ಮಾಡುವುದೆಂದರೆ ಹೆಣವನ್ನು ಹೂಳುವುದು ಎಂದು ಸಂಜೆ ಗಂಡ ಹೇಳಿದಾಗಲೇ ಗೊತ್ತಾದದ್ದು. ಗಿಡ ನೆಡುವುದಕ್ಕೂ ಇಲ್ಲಿ ‘ಹಚ್ಚುವುದು’ ಎನ್ನುತ್ತಾರೆ. ನಾವು ಕರಾವಳಿಯವರು ಹಚ್ಚುವುದು ದೀಪವನ್ನು ಮಾತ್ರ. ಎರಡೂ ಕಡೆ ಕನ್ನಡವೇ. ಆದರೂ ಮೊದಲ ಕೆಲವು ತಿಂಗಳು ನಾನು ಕಿವುಡಿಯಂತೆ ಎಲ್ಲರ ತುಟಿಗಳನ್ನೇ ನೋಡುತ್ತಿದ್ದೆ. ಶಾಲೆಯಲ್ಲಿ ಕನ್ನಡ ಕಲಿಸುವವಳ ಪಾಡು ಅದು.

ಆ ಕೊಂಬೆಗಳು ಗೋಸಂಪಿಗೆಯವು. ಪುಸ್ತಕಗಳಲ್ಲಿ ದೇವಕಣಗಿಲೆ ಎಂದು ಬರೆಯುತ್ತಾರೆ. ಕುಮಟೆಯ ಬಳಿ ನಮ್ಮ ತವರಿನ ಅಂಗಳದಲ್ಲಿ ಅಜ್ಜಿಯ ಕಾಲದ ಒಂದು ಮರವಿತ್ತು. ಬಿಳಿ ಎಸಳು, ನಡುವೆ ಅರಿಸಿನ ಬಣ್ಣ. ನಮ್ಮ ಮನೆಗೆ ಬರುವ, ನಮ್ಮ ಮನೆಯಿಂದ ಹೋಗುವ ಮದುಮಗಳ ಜಡೆಗೆ ಮೊದಲು ಆ ಮರದ ಹೂ ಮುಡಿಸಿ, ಆಮೇಲೆಯೇ ಮಲ್ಲಿಗೆ, ಅಬ್ಬಲಿಗೆ. ಅಮ್ಮ ಮುಡಿದಿದ್ದಳು, ಅಕ್ಕ ಮುಡಿದಿದ್ದಳು, ನಾನೂ ಮುಡಿದಿದ್ದೆ. ಅಪ್ಪ ಅಮ್ಮ ಹೋದ ಮೇಲೆ ರಸ್ತೆ ಅಗಲ ಮಾಡುವ ಕೆಲಸ ಬಂತು. ಅಂಗಳ ರಸ್ತೆಗೆ ಹೋಯಿತು, ಉಳಿದ ಮನೆಯನ್ನು ಮಾರಿದ್ದಾಯಿತು. ಮರ ಬೀಳುವ ಹಿಂದಿನ ದಿನ ನಾನೂ ಸುಮಿತ್ರಕ್ಕನೂ ಹೋಗಿ ಕೊಂಬೆ ಕಡಿದುಕೊಂಡೆವು. ಅಕ್ಕ ಆರು ಒಯ್ದಳು, ನಾನು ಮೂರು. ಆಗಲೇ ನನ್ನ ಗಂಡ ಗಣಪತಿಗೆ ಹರಪನಹಳ್ಳಿಯ ಕಡೆಯ ಗುಡ್ಡಗಳಲ್ಲಿ ಗಾಳಿಯಂತ್ರ ನೋಡಿಕೊಳ್ಳುವ ಕೆಲಸಕ್ಕೆ ವರ್ಗವಾಗಿತ್ತು. ಹಾಲು ಸೋರುತ್ತಿದ್ದ ಕೊಂಬೆಗಳನ್ನು ಸಾಮಾನಿನ ಟೆಂಪೋದಲ್ಲಿ ಹಾಸಿಗೆಯ ಸುರುಳಿಯೊಳಗೆ ಸಿಕ್ಕಿಸಿ ತಂದೆ.

ಬಾಡಿಗೆ ಮನೆ ಸುಲಭವಾಗಿ ಸಿಕ್ಕಿರಲಿಲ್ಲ. ಎರಡು ಕಡೆ ನಮ್ಮ ಹೆಸರು ಕೇಳುವ ಮೊದಲೇ “ಮೀನು ತಿಂತೀರೇನು?” ಎಂದು ಕೇಳಿ, ತಿನ್ನುತ್ತೇವೆ ಎಂದ ಮೇಲೆ ಬಾಗಿಲವರೆಗೆ ಬಂದು ಕಳಿಸಿಕೊಟ್ಟಿದ್ದರು. ಮೂರನೆಯದು ಹುಲಿಗೆಮ್ಮನವರದು. ಮೂವತ್ತು ವರ್ಷ ಅಂಗನವಾಡಿಯಲ್ಲಿ ಕೆಲಸ ಮಾಡಿ ನಿವೃತ್ತರಾದವರು. ರೈಲ್ವೆಯಲ್ಲಿದ್ದ ಗಂಡ ತೀರಿಕೊಂಡು ಕೆಲವು ವರ್ಷಗಳಾಗಿದ್ದವು. ಮಗ ಹೊಸಪೇಟೆಯಲ್ಲಿ ನೌಕರಿ. ಪಡಸಾಲೆಯ ಗೋಡೆಯ ಮೇಲೆ ಬುದ್ಧ, ಅಂಬೇಡ್ಕರ್, ಅವರ ನಡುವೆ ಗಂಡನ ಫೋಟೋ. ಮೀನಿನ ವಿಷಯವನ್ನು ನಾವೇ ಮೊದಲು ಹೇಳಿಬಿಟ್ಟೆವು. “ತಿನ್ರಿ, ಯಾರು ಬ್ಯಾಡಂದಾರ? ಮಾಡಿದಾಗ ನನಗೂ ಒಂದು ತುಂಡು ಕೊಡ್ರಿ” ಎಂದು ಕೀಲಿಕೈ ಕೊಟ್ಟರು.

ಇಷ್ಟು ದೊಡ್ಡ ಮನಸ್ಸಿನವರು ಒಂದು ಕೊಂಬೆಗೆ ಒಪ್ಪಲಿಲ್ಲ. “ನಾನು ನಂಬಂಗಿಲ್ಲ. ದೆವ್ವ ಭೂತ ಎಲ್ಲಾ ಸುಳ್ಳು ಅಂತ ಮಕ್ಕಳಿಗೆ ಹೇಳಿಕೊಟ್ಟಾಕಿ ನಾನು. ಆದ್ರ ಓಣಿ ಮಂದಿ ಬಾಯಿ ಯಾರು ಮುಚ್ಚತಾರ? ದರ್ಗಾದಾಗ ಐತಿ, ಗೋರಿ ಮ್ಯಾಲೆ ಐತಿ, ಮನಿ ಮುಂದ ಎಲ್ಲೂ ಇಲ್ಲ” ಎಂದರು. ಅಂಗಳ ಬೇಡವೆಂದಾದ ಮೇಲೆ ಮಹಡಿಯ ಮೇಲೆ ಬಕೆಟ್ಟಿನಲ್ಲಿ ಬೆಳೆಸಲು ಒಪ್ಪಿಕೊಂಡರು.

ನಮ್ಮ ಕಡೆ ಗೋಸಂಪಿಗೆಯನ್ನು ಯಾರೂ ಬೆಳೆಸುವುದಿಲ್ಲ. ಮುರಿದು ಬಿದ್ದ ಕೊಂಬೆಯನ್ನು ಬೇಲಿಯ ಬದಿಗೆ ಎಸೆದರೆ ಮಳೆಗಾಲ ಮುಗಿಯುವಷ್ಟರಲ್ಲಿ ಅದು ತಾನೇ ಎದ್ದು ನಿಂತಿರುತ್ತದೆ. ಅದೇ ಧೈರ್ಯದಲ್ಲಿ ಕಡಿದ ತುದಿ ಒಣಗುವುದಕ್ಕೂ ಕಾಯದೆ ನೆಟ್ಟೆ. ಒಣಗಾಳಿಗೆ ನನ್ನ ತುಟಿಯೇ ಒಡೆಯುತ್ತಿತ್ತು, ಗಿಡದ ಗತಿಯೇನು ಎಂದು ಬೆಳಿಗ್ಗೆ ಸಂಜೆ ನೀರು ಹಾಕಿದೆ. ಹತ್ತೇ ದಿನಕ್ಕೆ ಮೊದಲ ಕೊಂಬೆಯ ಬುಡ ಕಪ್ಪಾಗಿ, ಒತ್ತಿದರೆ ಕೊಳೆತ ಬಾಳೆಹಣ್ಣಿನಂತೆ ಒಳಗೆ ಹೋಯಿತು. ಆ ನೀರೂ ಧಾರಾಳವಾಗಿ ಸಿಗುವ ನೀರಲ್ಲ. ಊರಿನಲ್ಲಿ ಹಗ್ಗ ಇಳಿಬಿಟ್ಟರೆ ಬಾವಿ, ಇಲ್ಲಿ ನಳ ಬರುವ ದಿನಕ್ಕೆ ಕಾದು, ಮನೆಯ ಪಾತ್ರೆಯನ್ನೆಲ್ಲ ತುಂಬಿಸಿಟ್ಟುಕೊಳ್ಳಬೇಕು. ಹಾಗೆ ತುಂಬಿಟ್ಟ ನೀರನ್ನು ಸುರಿದು ಗಿಡ ಕೊಂದೆ ಎಂಬ ಸಿಟ್ಟಿಗೆ ಅಂದು ಊಟ ಸೇರಲಿಲ್ಲ. ಸೇರುವಂಥ ಊಟವೂ ಇರಲಿಲ್ಲ ಬಿಡಿ. ರೊಟ್ಟಿ ಬಡಿಯಲು ಬರದೆ, ಕುಚಲಕ್ಕಿ ಸಿಗದೆ, ಬಂಗಡೆಯ ಮುಖ ಕಾಣದೆ ನಾವಿಬ್ಬರೂ ಮಂಡಕ್ಕಿ ಒಗ್ಗರಣೆ, ಮೆಣಸಿನಕಾಯಿ ಬಜ್ಜಿ ತಿಂದು ದಿನ ತಳ್ಳುತ್ತಿದ್ದ ಕಾಲ ಅದು.

ಎರಡನೆಯ ಕೊಂಬೆ ಬೇಸಿಗೆ ದಾಟಿತು, ನಾಲ್ಕು ಎಲೆಯನ್ನೂ ಬಿಟ್ಟಿತು. ಆಷಾಢದ ಗಾಳಿ ಬಂತು. ಆ ಗಾಳಿಯನ್ನು ನಂಬಿಕೊಂಡೇ ನನ್ನ ಗಂಡನ ಸಂಬಳ, ಆದ್ದರಿಂದ ಬೈಯುವ ಹಾಗೂ ಇಲ್ಲ. ಒಂದು ಮಧ್ಯಾಹ್ನ ಶಾಲೆಯಿಂದ ಬಂದಾಗ ಬಕೆಟ್ಟು ಓಣಿಯಲ್ಲಿ ಬಿದ್ದಿತ್ತು, ಕೊಂಬೆ ಎರಡು ತುಂಡಾಗಿತ್ತು. ನಾನು ಓಣಿಯ ನಡುವೆ ಕೂತು ಅತ್ತುಬಿಟ್ಟೆ. ಹುಲಿಗೆಮ್ಮನವರು ಬಂದು ಮಣ್ಣು ಬಾಚಿದರು. ಆಮೇಲೆ “ಉಳಿದದ್ದು ಒಂದೇ ಏನು?” ಎಂದರು.

“ಒಂದೇ, ಮೇಲಿನ ಇನ್ನೊಂದು ಬಕೆಟ್ಟಿನಲ್ಲಿದೆ.”

“ಬಚ್ಚಲ ಹಿಂದ ಹಚ್ಚು ಅದನ್ನ. ಯಾರ ಕಣ್ಣಿಗೂ ಬೀಳಂಗಿಲ್ಲ.”

ಅಂದಿನಿಂದ ಅವರು ನನ್ನನ್ನು ‘ರಿ’ ಬಿಟ್ಟು ಮಾತನಾಡಿಸತೊಡಗಿದರು. ನನಗೆ ಅದೇ ಊರು ಕೊಟ್ಟ ಮೊದಲ ಗೆಲುವು ಎನಿಸಿತು. ಬಚ್ಚಲ ಹಿಂದೆ ಬಿಸಿಲು ಬೀಳುವುದೇ ಇಲ್ಲವೆಂಬುದು ಆಗ ತಲೆಗೆ ಹೋಗಲಿಲ್ಲ.

ಶ್ರಾವಣದಲ್ಲಿ ಅಕ್ಕನ ಫೋನು ಬಂತು. ಅಕ್ಕ ಇರುವುದು ಕುಮಟೆಯ ಪೇಟೆಯಲ್ಲಿ, ಮೂರನೆಯ ಮಹಡಿಯ ಫ್ಲ್ಯಾಟಿನಲ್ಲಿ. ಬಾಲ್ಕನಿಯ ಕುಂಡಗಳಲ್ಲಿ ಅವಳು ಹಾಕಿದ್ದ ಆರೂ ಕೊಂಬೆಗಳು ಆ ವರ್ಷದ ಮಳೆಗೆ ಕೊಳೆತಿದ್ದವು.

“ನಿನ್ನದು ಬದುಕಿದೆಯೇನೇ ವೀಣಾ?”

“ಒಂದಿದೆ.”

“ಹಾಗಾದ್ರೆ ಕೇಳು. ಮಗಳ ಮದುವೆ ಗಟ್ಟಿಯಾಯ್ತು, ಅಕ್ಷತಾನದು. ಮಾಘದಲ್ಲಿ. ಅಮ್ಮನ ಮರದ್ದು ಒಂದೇ ಒಂದು ಹೂವಾದರೂ ಅವಳ ಜಡೆಗೆ ಬೇಕು ಮಾರಾಯ್ತಿ. ನೀನು ಎಂತ ಬೇಕಾದರೂ ಮಾಡು.”

“ಅಕ್ಕಾ, ಮಾಘದಲ್ಲಿ ಗೋಸಂಪಿಗೆ ಎಲೆ ಉದುರಿಸಿ ಬೋಳಾಗಿ ನಿಂತಿರುತ್ತದಲ್ಲೇ. ನಮ್ಮ ಮರ ಹೂ ಬಿಡುತ್ತಿದ್ದದ್ದು ಯುಗಾದಿ ಹತ್ತಿರ ಬಂದ ಮೇಲೆ. ಇದು ಇನ್ನೂ ಮೊಣಕಾಲೆತ್ತರದ ಕೋಲು.”

“ನೀನು ಟೀಚರ್ ಅಲ್ವಾ? ಯಾರನ್ನಾದ್ರೂ ಕೇಳು” ಎಂದಳು ಅಕ್ಕ. ಆಮೇಲೆ ಮಾತು ಬೇರೆಡೆಗೆ ಹೊರಳಿ, ಅವಳು ಮೊದಲೂ ಎರಡು ಸಲ ಕೇಳಿದ್ದನ್ನೇ ಮತ್ತೆ ಕೇಳಿದಳು. “ನಿಮ್ಮ ಮನೆ ಯಜಮಾನರು ಯಾವ ಪೈಕಿ ಅಂದೆ?”

“ರಿಟೈರ್ ಆದ ಅಂಗನವಾಡಿ ಟೀಚರ್” ಎಂದೆ. ಅವಳು ಕೇಳಿದ್ದು ಜಾತಿಯನ್ನು, ಅದಕ್ಕೆ ಇದು ಉತ್ತರವಲ್ಲವೆಂದು ಇಬ್ಬರಿಗೂ ಗೊತ್ತಿತ್ತು. ಹುಲಿಗೆಮ್ಮನವರಿಗೆ ಮದುವೆಯ ಸುದ್ದಿ ಹೇಳಿದರೆ ಕರೆಯಬೇಕಾಗುತ್ತದೆ. ಕರೆದರೆ ಬರುತ್ತಾರೆ. ಬಂದರೆ ಅಕ್ಕನ ಬೀಗರ ಎದುರು ಯಾರಾದರೂ ಏನಾದರೂ ಅಂದುಬಿಟ್ಟರೆ? ಸದ್ಯಕ್ಕೆ ಹೇಳುವುದು ಬೇಡ ಎಂದುಕೊಂಡೆ. ಆ ಸದ್ಯಕ್ಕೆ ಎಂಬುದು ತಿಂಗಳುಗಟ್ಟಲೆ ನಡೆಯಿತು.

ಬಚ್ಚಲ ಹಿಂದಿನ ಗಿಡ ಆ ದಿನಗಳಲ್ಲಿ ನನ್ನನ್ನು ಅಣಕಿಸುವಂತೆ ಬೆಳೆಯುತ್ತಿತ್ತು. ಹೊಸಪೇಟೆಯ ನರ್ಸರಿಯೊಂದರಲ್ಲಿ ಹೂವಿಗೆಂದು ಕೊಟ್ಟ ಬಿಳಿ ಪುಡಿ ಹಾಕಿದೆ. ಅಂಗೈಯಗಲವಿದ್ದ ಎಲೆ ಮೊಳದುದ್ದವಾಯಿತು. ಮೊಬೈಲಿನಲ್ಲಿ ಯಾವ್ಯಾವುದೋ ದೇಶದವರು ಚಳಿಗಾಲದಲ್ಲಿ ಗಿಡಗಳನ್ನು ಮನೆಯೊಳಗೆ ಹೀಟರಿನ ಪಕ್ಕದಲ್ಲಿಟ್ಟು ಎಬ್ಬಿಸುವುದನ್ನು ನೋಡಿದೆ. ಕೊಟ್ಟೂರಿನಲ್ಲಿ ಹೀಟರ್ ಎಂದರೆ ಗಣಪತಿ ನಕ್ಕಾನು. ಅವನು ಸುಮ್ಮನೆಯೂ ನಗುತ್ತಿದ್ದ. “ಶಾಲೆಯ ಮಕ್ಕಳಿಗೂ ಹೀಗೇ ಕಾಟ ಕೊಡ್ತೀಯೇನೇ?” ಎನ್ನುತ್ತಿದ್ದ.

ನನ್ನ ಜೊತೆ ಕೆಲಸ ಮಾಡುವ ರೇಣುಕಾ ಹಡಗಲಿಯ ಕಡೆಯವಳು. ಅವಳ ತಂದೆ ದೊಡ್ಡಬಸಪ್ಪನವರು ಮಲ್ಲಿಗೆ ಬೆಳೆಯುವವರು. ಅಕ್ಟೋಬರ್ ರಜೆಯಲ್ಲಿ ಅವರ ಹೊಲಕ್ಕೆ ಹೋದೆ. ಬಿಳಿಯ ಅಂಗಿ, ಹೆಗಲ ಮೇಲೆ ಟವೆಲು. ಕರಾವಳಿಯಲ್ಲಿ ನಾವು ಮಲ್ಲಿಗೆಯನ್ನು ಕೊಂಡು ಮುಡಿಯುವವರು. ಅದರ ಹಿಂದೆ ಇಷ್ಟೊಂದು ಹಟ ಇದೆಯೆಂದು ನನಗೆ ಗೊತ್ತಿರಲಿಲ್ಲ. ನನ್ನ ಕಥೆಯನ್ನೆಲ್ಲ ಕೇಳಿ ಅವರು ಮೊದಲು ಹೇಳಿದ್ದು, “ನಾ ದೇವಕಣಗಲ ಎಂದೂ ಬೆಳದಿಲ್ಲವ್ವ.”

ನನ್ನ ಮುಖ ಬಾಡಿದ್ದನ್ನು ನೋಡಿರಬೇಕು. ತಾವೇ ಕೇಳಿದರು. “ಯಾವ ಕೊಂಬಿ ತಂದಿ? ಅದು ಅಲ್ಲಿ ಹೂ ಬಿಟ್ಟಿತ್ತೋ, ಇಲ್ಲೋ?”

ಮೊಬೈಲಿನಲ್ಲಿದ್ದ ಹಳೆಯ ಫೋಟೋ ತೋರಿಸಿದೆ. ತುದಿಯಲ್ಲಿ ಹಿಂದಿನ ವರ್ಷದ ಹೂಗೊಂಚಲು ಒಣಗಿ ಉದುರಿದ ಗುರುತಿತ್ತು.

“ಹಂಗಾರ ಅದಕ್ಕ ಹೂ ಬಿಟ್ಟು ಗೊತ್ತೈತಿ. ಬೀಜದ ಸಸಿ ಆಗಿದ್ರ ವರ್ಷಗಟ್ಲೆ ಕಾಯಬೇಕಿತ್ತು. ನೋಡವ್ವ, ಮಲ್ಲಿಗೀನೂ ಹಂಗ. ಉಂಡು ಮಲಗಿದ ಗಿಡ ಎಲಿ ಬಿಡ್ತತಿ, ಹೂ ಬಿಡಂಗಿಲ್ಲ. ಒಂದಷ್ಟು ದಿನ ನೀರು ತಪ್ಪಿಸಿ ಒಣಗಿಸಬೇಕು. ಎಲಿ ಬೀಳಲಿ. ಆಮ್ಯಾಲೆ ಒಮ್ಮಿಗೇ ನೀರು, ಗೊಬ್ಬರ ಕೊಟ್ಟು ಎಬ್ಬಿಸಬೇಕು. ನೀ ಎಲಿ ಬೆಳಸೋ ಗೊಬ್ಬರ ಹಾಕಿ ಅದರ ಹೊಟ್ಟಿ ಕೆಡಿಸಿ ಇಟ್ಟೀ.”

“ಮಲ್ಲಿಗೆಯ ಹಾಗೆ ತುದಿ ಕತ್ತರಿಸಬೇಕೇನ್ರಿ?”

“ಅದನ್ನ ಮಾತ್ರ ಮಾಡಬ್ಯಾಡ. ಇದು ತುದ್ಯಾಗ ಹೂ ಬಿಡೋ ಜಾತಿ. ಕಡಿದ್ರ ಹೂವನ್ನ ಕಡಿದಂಗ. ಮತ್ತ ಬಿಸಲು? ಬಿಸಲಿಗೆ ಐತೋ ಇಲ್ಲೋ?”

ನಾನು ಬಚ್ಚಲ ಹಿಂದೆ ಎಂದೆ. ಅವರು ಎದ್ದು ಕೈ ಝಾಡಿಸಿದರು. “ಮೊದಲ ಅಲ್ಲಿಂದ ಕೀಳು.”

ಮತ್ತೆ ಹುಲಿಗೆಮ್ಮನವರ ಮುಂದೆ ನಿಂತೆ. ಇಡೀ ಮನೆಗೆ ದಿನವಿಡೀ ಬಿಸಿಲು ಬೀಳುವ ಜಾಗ ಒಂದೇ, ಮುಂದಿನ ಅಂಗಳದ ದಕ್ಷಿಣದ ಮೂಲೆ. ಓಣಿಗೆಲ್ಲ ಕಾಣುವ ಜಾಗ. ಅವರು ಹೂಂ ಎನ್ನಲಿಲ್ಲ, ಉಹೂಂ ಎನ್ನಲಿಲ್ಲ. ಒಂದು ವಾರ ಹಾಗೇ ಹೋಯಿತು. ಆ ವಾರದ ಕೊನೆಗೆ ಎದುರು ಮನೆಯಾಕೆ ನಳದ ಹತ್ತಿರ ಯಾರೊಂದಿಗೋ, “ಹುಲಿಗೆವ್ವನ ಹಿತ್ತಲದಾಗ ಸುಡುಗಾಡ ಗಿಡ ಐತಂತ” ಎಂದದ್ದು ಅವರ ಕಿವಿಗೆ ಬಿತ್ತು. ಕೊಡ ಅಲ್ಲೇ ಇಟ್ಟು ಸೀದಾ ಮನೆಗೆ ಬಂದರು.

“ವೀಣಾ, ಸಲಿಕಿ ತಗೊಂಡು ಬಾ.”

“ಯಾಕಮ್ಮಾ?”

“ಹಿತ್ತಲದಾಗ ಐತಿ ಅಂತ ಆಡ್ಕೊಂತಾರಲ್ಲ, ಅಂಗಳದಾಗ ಹಚ್ಚೋಣು. ಕಣ್ಣು ತುಂಬ ನೋಡಲಿ.”

ಅವರೇ ಗುಂಡಿ ತೋಡಿದರು. ನಾನು ಬೇರಿನ ಮಣ್ಣು ಒಡೆಯದಂತೆ ಗೋಣಿಚೀಲದಲ್ಲಿ ಎತ್ತಿ ತಂದೆ. ಅರ್ಧದಷ್ಟು ಮರಳು ಬೆರೆಸಿ ನೆಟ್ಟೆವು. ಅಂಗನವಾಡಿಯ ಮಕ್ಕಳ ಬೆನ್ನು ತಟ್ಟುವಂತೆ ಅವರು ಬುಡದ ಮಣ್ಣು ತಟ್ಟಿದರು.

ಆಮೇಲಿನ ಎರಡು ತಿಂಗಳು ನಾನು ಗಿಡಕ್ಕೆ ನೀರು ಕೊಡದೆ ಇರುವುದನ್ನು ಕಲಿತೆ. ನೀರು ಹಾಕುವುದಕ್ಕಿಂತ ಕಷ್ಟದ ಕೆಲಸ ಅದು. ಎಲೆ ಹಳದಿಯಾಗಿ ಒಂದೊಂದೇ ಕಳಚುವಾಗ ಕೈ ತಾನಾಗಿಯೇ ಚೊಂಬಿನ ಕಡೆ ಹೋಗುತ್ತಿತ್ತು. ಹಿಂಗಾರಿನ ಎರಡು ಮಳೆ ಬಂದಾಗ ಪ್ಲಾಸ್ಟಿಕ್ ಹಾಳೆ ಹಿಡಿದುಕೊಂಡು ಓಡಿದೆ. ಮಳೆಗಾಗಿ ಮುಗಿಲು ನೋಡುವ ಊರಿನಲ್ಲಿ ಮಳೆಯಿಂದ ಗಿಡ ಮುಚ್ಚುವ ಹೆಂಗಸನ್ನು ಜನ ಏನೆಂದುಕೊಂಡಿರಬಹುದು? ಕೊನೆಗೆ ಬೂದು ಬಣ್ಣದ ಬೋಳು ಕೋಲು ಉಳಿಯಿತು. ಡಿಸೆಂಬರಿನ ಮೊದಲ ವಾರ ಎಬ್ಬಿಸುವ ಕೆಲಸ ಶುರು ಮಾಡಿದೆ. ಎಲುಬಿನ ಪುಡಿ, ಒಲೆಯ ಬೂದಿ, ಬಿಸಿಲಲ್ಲಿಟ್ಟು ಬೆಚ್ಚಗೆ ಮಾಡಿದ ನೀರು. ಸಂಜೆ ಚಳಿ ಇಳಿಯುವ ಮುನ್ನ ಗೋಣಿಚೀಲದ ಹೊದಿಕೆ, ಬೆಳಿಗ್ಗೆ ಬಿಸಿಲೇರಿದ ಮೇಲೆ ತೆಗೆಯುವುದು. ನಾನು ಶಾಲೆಗೆ ಬೇಗ ಹೋಗುವ ದಿನ ಹುಲಿಗೆಮ್ಮನವರು ಗೊಣಗುತ್ತಲೇ ಅದನ್ನು ತೆಗೆದಿಡುತ್ತಿದ್ದರು. “ನನ್ನ ಸೊಸಿಗೂ ಇಷ್ಟು ಚಾಕರಿ ಮಾಡಿಲ್ಲ ನಾನು.”

ಸಂಕ್ರಾಂತಿಗೆ ಒಂದು ವಾರ ಮುಂಚೆ ತುದಿಯಲ್ಲಿ ಕೆಂಪಗಿನ ಏನೋ ಮೂಡಿತು. ಎಲೆಯೋ ಹೂವೋ ತಿಳಿಯದೆ ದಿನಕ್ಕೆ ನಾಲ್ಕು ಸಲ ನೋಡಿದೆ. ಹಕ್ಕಿಯ ಪಂಜದಂತೆ ಬೆರಳು ಬೆರಳಾಗಿ ಬಿಡಿಸಿಕೊಂಡಾಗ ಅದು ಹೂಗೊಂಚಲೆಂದು ಖಾತ್ರಿಯಾಯಿತು. ಅಕ್ಕನಿಗೆ ಫೋಟೋ ಕಳಿಸಿದೆ, ಅವಳು ಅಳುತ್ತ ಫೋನು ಮಾಡಿದಳು. ಹುಲಿಗೆಮ್ಮನವರು ಕನ್ನಡಕ ಹಾಕಿಕೊಂಡು ಬಂದು ಮೊಗ್ಗು ಎಣಿಸಿದರು. “ಹನ್ನೊಂದು ಅದಾವ. ಏನು ಮಾಡ್ತಿ ಇಷ್ಟು ಹೂ?”

ಮದುವೆ ಎಂದು ಹೇಳಬೇಕಾದ ಜಾಗ ಅದೇ. ನಾಲಿಗೆಯ ತುದಿಗೂ ಬಂದಿತ್ತು. “ಸುಮ್ಮನೆ, ನೋಡೋಕೆ” ಎಂದುಬಿಟ್ಟೆ.

ಮದುವೆ ಭಾನುವಾರ. ಶುಕ್ರವಾರ ಬೆಳಿಗ್ಗೆ ಹೊರಡುವುದೆಂದು ನಿಶ್ಚಯ. ಹುಲಿಗೆಮ್ಮನವರಿಗೆ “ನಾಲ್ಕು ದಿನ ಊರಿಗೆ ಹೋಗಿ ಬರ್ತೀವಿ” ಎಂದಷ್ಟೇ ಹೇಳಿದ್ದೆ. ಬುಧವಾರ ಮೊದಲ ಹೂ ಅರಳಿತು, ಗುರುವಾರ ಬೆಳಿಗ್ಗೆ ಇನ್ನೆರಡು. ಒದ್ದೆ ಬಟ್ಟೆ, ಡಬ್ಬಿ ಎಲ್ಲ ತಯಾರಿಟ್ಟು ಶಾಲೆಗೆ ಹೋದೆ. ನಾಳೆ ಬೆಳಿಗ್ಗೆ ಗೊಂಚಲನ್ನೇ ಕೊಯ್ದರೆ ದಾರಿಯಲ್ಲಿ ಮತ್ತೆರಡು ಮೊಗ್ಗು ಬಿರಿಯುತ್ತವೆ ಎಂದು ಲೆಕ್ಕ ಹಾಕಿದ್ದೆ. ಸಂಜೆ ನಾಲ್ಕೂವರೆಗೆ ಬಂದು ಗೇಟು ತೆಗೆದರೆ ಗಿಡದ ತುದಿಯಲ್ಲಿ ಹಾಲಿನ ಒಂದು ಹನಿ ಮಾತ್ರ ಗಟ್ಟಿಯಾಗಿ ನಿಂತಿತ್ತು. ಗೊಂಚಲು ಇರಲಿಲ್ಲ.

ಪಡಸಾಲೆಯಲ್ಲಿ ಹುಲಿಗೆಮ್ಮನವರು ಬಿಳಿ ಸೀರೆಯುಟ್ಟು ಕೂತಿದ್ದರು. ಮುಖದಲ್ಲಿ ದಣಿವಿತ್ತು.

“ಅಮ್ಮಾ, ಹೂ ಎಲ್ಲಿ?”

“ನಾ ಕೊಯ್ದೆ ತಂಗಿ. ಇವತ್ತು ಇವರು ಹೋದ ದಿನ. ಗೋರಿಗೆ ಹೋಗಿ ಬಂದೆ.” ಗಂಡನ ಫೋಟೋದ ಕಡೆ ನೋಡಿದರು. “ಪ್ರತಿ ವರ್ಷ ಸಂತಿ ಸೇವಂತಿಗಿ ಇಡ್ತಿದ್ದೆ. ಈ ಸಲ ನಮ್ಮ ಅಂಗಳದಾಗ ಬಿಟ್ಟ ಹೂ. ಇಡೀ ಗೊಂಚಲನ್ನ ಇಟ್ಟೆ. ಎಷ್ಟು ಚಂದ ಕಂಡಿತು ಗೊತ್ತೇನು?”

ನಾನು ಕಿರುಚಿದೆ. ಏನೇನು ಅಂದೆನೆಂದು ಪೂರ್ತಿ ನೆನಪಿಲ್ಲ. “ಕೇಳಬೇಕಿತ್ತಲ್ಲ, ಒಂದು ಮಾತು ಕೇಳಬೇಕಿತ್ತಲ್ಲ” ಎಂದದ್ದು ನೆನಪಿದೆ. “ಅದು ನನ್ನ ತಾಯಿಯ ಮರ” ಎಂದದ್ದೂ ನೆನಪಿದೆ. ಅವರು ಕಕ್ಕಾಬಿಕ್ಕಿಯಾಗಿ ನನ್ನನ್ನೇ ನೋಡಿದರು.

“ನೋಡಾಕ ಅಂದಿದ್ದೆಲ್ಲ? ನೋಡಿದ್ದಾತು ಅಂದ್ಕೊಂಡೆ. ನಾ ಮಣ್ಣಾಗ ಕೈ ಇಟ್ಟು ಹಚ್ಚಿದ ಗಿಡ ಅಲ್ಲೇನು ಅದು?”

ಚಪ್ಪಲಿ ಮೆಟ್ಟಿ ಹೊರಟೆ. ಮಣ್ಣು ಮಾಡುವ ಜಾಗ ಊರಾಚೆ, ರೈಲು ಹಳಿಯ ಬದಿಗೆ. ನಮ್ಮಲ್ಲಿ ಸುಡುತ್ತಾರೆ. ಬೂದಿಯನ್ನು ನೀರಿಗೆ ಬಿಟ್ಟ ಮೇಲೆ ಹೋಗಿ ನಿಲ್ಲಲು ಒಂದು ಜಾಗ ಅಂತ ಇರುವುದಿಲ್ಲ. ನಾನು ಅಂಥ ಜಾಗಕ್ಕೆ ಕಾಲಿಟ್ಟದ್ದು ಅದೇ ಮೊದಲು. ಹುಡುಕುವುದೇನೂ ಕಷ್ಟವಾಗಲಿಲ್ಲ. ಸುಣ್ಣ ಬಳಿದ ಸಣ್ಣ ಕಟ್ಟೆಯ ಮೇಲೆ ನನ್ನ ಗೊಂಚಲು ಇತ್ತು. ಪಕ್ಕದಲ್ಲಿ ಊದುಬತ್ತಿಯ ಬೂದಿ, ಬಾಳೆಲೆಯ ಮೇಲೆ ಅನ್ನ. ಅರಳಿದ ಮೂರು ಹೂಗಳ ಅಂಚು ಬಿಸಿಲಿಗೆ ಕಂದು ತಿರುಗಿತ್ತು. ಮೊಗ್ಗುಗಳು ಇನ್ನೂ ಬಿಗಿಯಾಗಿದ್ದವು. ಇವತ್ತು ನೀರಲ್ಲಿಟ್ಟರೆ ಭಾನುವಾರಕ್ಕೆ ಒಂದಾದರೂ ಬಿರಿಯುತ್ತದೆ. ಯಾರೂ ಇರಲಿಲ್ಲ. ಕೈ ಹಾಕಿ ಎತ್ತಿಕೊಂಡೆ.

ಅಕ್ಕನಿಗೆ ಗೊತ್ತಾಗುವುದಿಲ್ಲ. ಅಕ್ಷತಾಗೂ ಗೊತ್ತಾಗುವುದಿಲ್ಲ. ನನಗೆ ಗೊತ್ತಿರುತ್ತದೆ, ಅಷ್ಟೆ. ಹಸಿ ಹಾಲು ಬೆರಳಿಗೆ ಅಂಟಿತ್ತು. ಹೊಸಪೇಟೆಯ ಕಡೆಯಿಂದ ರೈಲು ಬಂತು. ಕಿಟಕಿಯಲ್ಲಿದ್ದ ಯಾರೋ ಒಬ್ಬಳು, ಗೋರಿಯ ಮುಂದೆ ಹೂ ಹಿಡಿದು ನಿಂತ ನನ್ನನ್ನು ಕಂಡು, ಸತ್ತವರ ಮನೆಯವಳೇ ಇರಬೇಕೆಂದು ತಿಳಿದೋ ಏನೋ, ಕೈಮುಗಿದಳು. ಗೊಂಚಲನ್ನು ಇದ್ದಲ್ಲೇ ಇಟ್ಟೆ. ಪಶ್ಚಾತ್ತಾಪದಿಂದಲ್ಲ, ಸೋತು ಇಟ್ಟೆ.

ರೇಣುಕಾಗೆ ಫೋನು ಮಾಡಿದೆ. ಶುಕ್ರವಾರ ಬೆಳಿಗ್ಗೆ ಹರಪನಹಳ್ಳಿ ಬಸ್‌ಸ್ಟ್ಯಾಂಡಿನಲ್ಲಿ ದೊಡ್ಡಬಸಪ್ಪನವರು ಬಾಳೆಪಟ್ಟಿಯಲ್ಲಿ ಕಟ್ಟಿದ ಮಲ್ಲಿಗೆಯ ಮೊಗ್ಗು ಹಿಡಿದು ನಿಂತಿದ್ದರು. “ದೇವಕಣಗಲ ಬಿಡಲಿಲ್ಲೇನವ್ವ?” ಎಂದರು. “ಬಿಟ್ಟಿತು” ಎಂದೆ. ಅವರು ಮಲ್ಲಿಗೆಯನ್ನು ನನ್ನ ಕೈಗಿಟ್ಟರು.

ಹಾವೇರಿ, ಶಿರಸಿ ದಾಟಿ ಘಟ್ಟ ಇಳಿಯುವಾಗ ಮೈಗೆ ಬೆವರು ಅಂಟತೊಡಗಿತು. ಎಷ್ಟೋ ತಿಂಗಳ ಮೇಲೆ ಆ ಬೆವರು. ಹಿತವಾಗಬೇಕಿತ್ತು, ಸೆಖೆಯೆನಿಸಿತು. ಹೂ ಬಾಡಿತೆಂದು ಅಕ್ಕನಿಗೆ ಸುಳ್ಳು ಹೇಳಿದೆ. ಅವಳು “ನೀನಾದರೂ ಎಂತ ಮಾಡ್ತೀಯೆ” ಎಂದು ಒಳಗೆ ಹೋದಳು. ಅಕ್ಷತಾಳ ಜಡೆಗೆ ಹಡಗಲಿಯ ಮಲ್ಲಿಗೆ ಹೋಯಿತು. ಬಂದವರೆಲ್ಲ ಎಂಥ ಪರಿಮಳ, ಎಲ್ಲಿಯದು ಎಂದು ಕೇಳಿದರು. “ನಮ್ಮ ಕಡೇದು. ಅಲ್ಲಿ ಬಹಳ ಐತಿ” ಎಂದೆ. ಎದುರಿಗಿದ್ದ ಚಿಕ್ಕಮ್ಮ ಬಾಯಿಗೆ ಸೆರಗು ಮುಚ್ಚಿ ನಕ್ಕಳು. “ಐತಿಯಂತೆ! ಕೇಳಿದ್ರೇನೇ, ವೀಣಾ ಘಟ್ಟದ ಮೇಲಿನವಳೇ ಆಗಿಬಿಟ್ಟಳು.” ಎಲ್ಲರೂ ನಕ್ಕರು. ಕೊಟ್ಟೂರಿನ ಶಾಲೆಯಲ್ಲಿ ನಾನು ಬಾಯಿ ತೆರೆದರೆ ಮಕ್ಕಳು ನಗುವುದೂ ಹೀಗೆಯೇ. ಆ ಮದುವೆಯೂಟದಲ್ಲಿ ನಾನು ಆಸೆಪಟ್ಟು ಕಾದಿದ್ದ ಒಂದು ಅಡುಗೆಯೂ ನಾಲಿಗೆಗೆ ಹತ್ತಲಿಲ್ಲ.

ಮರಳಿ ಬಂದ ದಿನ ಮದುವೆಯ ಲಾಡು ತೆಗೆದುಕೊಂಡು ಹುಲಿಗೆಮ್ಮನವರ ಪಡಸಾಲೆಗೆ ಹೋದೆ. ಗಣಪತಿ “ಇವತ್ತು ಹೇಳದಿದ್ದರೆ ಇನ್ನು ಎಂದೂ ಹೇಳುವುದಿಲ್ಲ ನೀನು” ಎಂದಿದ್ದ. ಎಲ್ಲ ಹೇಳಿದೆ, ಮದುವೆ, ಜಡೆ, ಅಮ್ಮನ ಮರ. ಅಕ್ಕ ಕೇಳುತ್ತಿದ್ದ ಪ್ರಶ್ನೆಯನ್ನು ಮಾತ್ರ ಹೇಳಲಾಗಲಿಲ್ಲ. ಹೇಳುವ ಅಗತ್ಯವೂ ಇರಲಿಲ್ಲ. ಅವರು ಲಾಡು ಮುರಿಯದೆ ಕೈಯಲ್ಲೇ ಹಿಡಿದು ಕೂತಿದ್ದರು.

“ಮದುವಿಗೆ ಕರದಿದ್ರೂ ನಾ ಬರ್ತಿದ್ದಿಲ್ಲ ತಂಗಿ. ಎಲ್ಲಿಗೆ ಹೋಗಬೇಕು, ಎಲ್ಲಿಗೆ ಹೋಗಬಾರದು ಅಂತ ನನಗೂ ಗೊತ್ತೈತಿ. ಒಂದು ಮಾತು ಹೇಳಿದ್ರ ಹೂವಾದ್ರೂ ಉಳೀತಿತ್ತು.”

ಆಮೇಲೆ ಅವರು ಲಾಡು ಮುರಿದು ಅರ್ಧವನ್ನು ನನ್ನ ಕೈಗಿಟ್ಟರು. “ತಿನ್ನು. ಹುಡುಗಿ ಚಂದ ಅದಾಳೇನು? ಫೋಟೋ ತೋರಿಸು.” ಫೋಟೋಗಳನ್ನೆಲ್ಲ ನೋಡಿದರು. ಜಡೆಯ ಫೋಟೋ ಬಂದಾಗ ಮಾತ್ರ ಮೊಬೈಲನ್ನು ನನ್ನ ಕೈಗೆ ಮರಳಿಸಿ ಎದ್ದು ಹೋದರು. ನಾವು ಮತ್ತೆ ಸರಿಯಾಗಿ ಮಾತನಾಡಲು ತಿಂಗಳು ಹಿಡಿಯಿತು. ಆ ತಿಂಗಳು ಅವರು ನನಗೆ ಮತ್ತೆ ‘ರಿ’ ಹಚ್ಚಿ ಮಾತನಾಡಿದರು.

ಈಗ ಬೇಸಿಗೆ. ಗೊಂಚಲು ಮುರಿದ ಕಡೆಯಿಂದ ಗಿಡ ಎರಡಾಗಿ ಕವಲೊಡೆದು, ಯಾರ ಉಪಚಾರವೂ ಇಲ್ಲದೆ, ಯಾವ ಮುಹೂರ್ತವೂ ಇಲ್ಲದೆ ಹೂ ಬಿಡುತ್ತಿದೆ. ಒಂದು ವರ್ಷ ಹೊಡೆದಾಡಿ ಕೇಳಿದಾಗ ಹನ್ನೊಂದು ಮೊಗ್ಗು ಕೊಟ್ಟ ಗಿಡ, ಯಾರೂ ಕೇಳದ ಈಗ ಅಂಗಳದ ತುಂಬ ಉದುರಿಸುತ್ತದೆ. ಗುಡಿಸುವಾಗ ನನಗೆ ಸಿಟ್ಟೇ ಬರುತ್ತದೆ. ಎದುರು ಮನೆಯಾಕೆ ದಿನಾ ಬೆಳಿಗ್ಗೆ ಬಂದು ಐದಾರು ಆರಿಸಿಕೊಂಡು ಹೋಗುತ್ತಾಳೆ.

ಗಣಪತಿಗೆ ಮತ್ತೆ ವರ್ಗವಾಗುವ ಸುದ್ದಿಯಿದೆ, ಗದಗದ ಕಡೆಗೆ. ಅಕ್ಕನಿಗೆ ಇದು ಗೊತ್ತಾದ ದಿನವೇ ಫೋನು. “ಬೇರು ಸಮೇತ ತೆಗೆದುಕೊಂಡು ಬಾ. ನಮ್ಮ ಅಮ್ಮನ ಗಿಡ ಪರವೂರಿನಲ್ಲಿ ಬಿಟ್ಟು ಬರುವುದಾ?” ಅವಳ ಬಾಲ್ಕನಿಗೆ ಬಿಸಿಲು ಬರುವುದಿಲ್ಲ, ನಮ್ಮ ಅಂಗಳದ ಮೇಲೆ ಲಾರಿಗಳು ಓಡುತ್ತಿವೆ, ತರುವುದಾದರೂ ಎಲ್ಲಿಗೆ? ಹುಲಿಗೆಮ್ಮನವರು ಸೊಪ್ಪು ಸೋಸುತ್ತ ಹೇಳಿದ್ದು ಇಷ್ಟೇ. “ನೀವು ಹೋದ್ರ ಹೋಗ್ರಿ. ಗಿಡ ಕಿತ್ತರ ಸಾಯ್ತತಿ.”

ಕೊಂಬೆ ಕಡಿದು ಒಯ್ಯಬಹುದು, ಅದು ನನಗೂ ಗೊತ್ತು. ಆದರೂ ಹಟಕ್ಕೆ ಬಿದ್ದವಳಂತೆ ಕಳೆದ ವಾರ ಪೇಟೆಗೆ ಹೋಗಿ, ಗಿಡವನ್ನು ಬೇರು ಸಮೇತ ಇಳಿಸುವಷ್ಟು ದೊಡ್ಡ ಪ್ಲಾಸ್ಟಿಕ್ ಡ್ರಮ್ಮೊಂದನ್ನು ತಂದು ಅಂಗಳದಲ್ಲಿಟ್ಟೆ. ತಳಕ್ಕೆ ತೂತು ಕೊರೆಯುವುದೊಂದು ಬಾಕಿ ಇತ್ತು. ನಿನ್ನೆ ನಳ ಬಂದ ದಿನ. ಶಾಲೆಯಿಂದ ಬರುವಷ್ಟರಲ್ಲಿ ಹುಲಿಗೆಮ್ಮನವರು ಆ ಡ್ರಮ್ಮಿನ ಕಂಠದವರೆಗೆ ನೀರು ತುಂಬಿ ಮೇಲೊಂದು ತಗಡು ಮುಚ್ಚಿದ್ದರು.

“ಬ್ಯಾಸಿಗಿ ಐತೆಲ್ಲ, ಬೇಕಾಗ್ತತಿ” ಎಂದರು, ನನ್ನ ಮುಖ ನೋಡದೆ.

ತಗಡು ಸರಿಸಿ ಒಳಗೆ ನೋಡಿದೆ. ಆಮೇಲೆ ಬ್ಯಾಗು ಇಳಿಸಿ, ಮನೆಯೊಳಗಿಂದ ನಮ್ಮ ಎರಡು ಖಾಲಿ ಕೊಡಗಳನ್ನು ತಂದು ಅದರಿಂದಲೇ ತುಂಬಿಕೊಂಡೆ.